ಜಪಾನಿ ಸಂಘದ ಬಾಗಿದ ಮುದ್ರೆಗಳು

ಗದಗಿನವನೊಬ್ಬ ಜರ್ಮನಿಗೆ ಹೋಗಿ, ಅಲ್ಲಿ ಜಪಾನೀಯರ ಬಳಿ ಕೆಲಸಕ್ಕೆ ಸೇರಿದರೆ ಇಂಥವು ಆಗದೆ ಇನ್ನೇನಾದೀತು?

ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ನಮ್ಮಂಥ ಕಂಪ್ಯೂಟರಿನವರನ್ನು ಕರೆಸಿಕೊಂಡ ಕಾಲ ಅದು. ಜೊತೆಗೆ ಬಂದವರೆಲ್ಲ ಸಿಂಡೆಲ್‌ಫಿಂಗೆನ್, ವೋಲ್ಫ್ಸ್‌ಬುರ್ಗ್ ಎಂದು ಕಾರು ಕಾರ್ಖಾನೆಯ ಊರುಗಳಲ್ಲಿ ನೆಲೆಯಾದರು. ನನ್ನನ್ನು ಕರೆಸಿಕೊಂಡ ಕಂಪನಿ ಮಾತ್ರ ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತು. ಆಗ ಕೈಹಿಡಿದದ್ದು ಡ್ಯೂಸೆಲ್ಡಾರ್ಫಿನ ಒಂದು ಜಪಾನಿ ವ್ಯಾಪಾರಿಗಳ ಸಂಘ. ಅಲ್ಲಿ ಅಂಗಡಿ, ಕಚೇರಿ ತೆರೆದ ಜಪಾನೀಯರಿಗೆಲ್ಲ ಆ ಸಂಘವೇ ಹಿರಿಯಣ್ಣ. ಜರ್ಮನ್ ಕಾನೂನು ತಿಳಿಸಿ ಹೇಳುವುದು, ಹೊಸಬರನ್ನು ಹಳಬರಿಗೆ ಪರಿಚಯಿಸುವುದು, ಎಲ್ಲರ ಪರವಾಗಿ ಸರ್ಕಾರದ ಬಾಗಿಲು ತಟ್ಟುವುದು ಅದರ ಕೆಲಸ. ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಎರಡು ವರ್ಷದ ಕರಾರು. ಕರಾರು ಮುಂದುವರಿದರೆ ವೀಸಾ ಮುಂದುವರಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಮೇಲೇರಿದ ನೂಡಲ್ಸ್ ಅಂಗಡಿ

ಮೊದಲ ವಾರವೇ ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಲು ಹೇಳಿದರು. ಹಳೆಯ ಪಟ್ಟಿಯಲ್ಲಿ ಯಾವ ಹೆಸರು ಎಲ್ಲಿದೆ ಎಂಬುದಕ್ಕೆ ತಲೆಬುಡ ಇರಲಿಲ್ಲ. ನಾನು ಎಬಿಸಿಡಿ ಪ್ರಕಾರ ಜೋಡಿಸಿ ಎಲ್ಲ ಸದಸ್ಯರಿಗೂ ಕಳಿಸಿಬಿಟ್ಟೆ.

ಕಾರ್ಯದರ್ಶಿಯವರು ಅರವತ್ತರ ಆಸುಪಾಸಿನ ಮೆದು ಮಾತಿನ ಮನುಷ್ಯ. ಪಟ್ಟಿಯನ್ನು ಬಹಳ ಹೊತ್ತು ನೋಡಿ, "ತುಂಬಾ ಹೊಸದಾಗಿದೆ" ಎಂದರು. ನಾನು ಉಬ್ಬಿಹೋದೆ. ಅಂದು ಸಂಜೆಯ ತನಕ ಸದಸ್ಯರ ಫೋನುಗಳು. ಯಾರೂ ಬೈಯಲಿಲ್ಲ. "ಪಟ್ಟಿಯ ಕೆಲಸ ಇನ್ನೂ ನಡೆಯುತ್ತಿದೆ ಅಲ್ಲವೇ?" ಎಂದಷ್ಟೇ ಕೇಳಿದರು.

ಮರುದಿನ ನೂಡಲ್ಸ್ ಅಂಗಡಿಯ ಯಜಮಾನರು ಒಂದು ಡಬ್ಬಿ ನೂಡಲ್ಸ್ ಹಿಡಿದು ನನ್ನ ಮೇಜಿನ ಮುಂದೆ ಬಾಗಿ ನಿಂತರು. ಹಳೆಯ ಪಟ್ಟಿ ಸಂಘಕ್ಕೆ ಸೇರಿದ ಹಿರಿತನದ ಪ್ರಕಾರ ಇತ್ತಂತೆ. ನನ್ನ ಪಟ್ಟಿಯಲ್ಲಿ ಅವರ ಅಂಗಡಿ ಸಂಘ ಕಟ್ಟಿದ ದೊಡ್ಡ ಕಂಪನಿಗಳ ನೆತ್ತಿಯ ಮೇಲೆ ಕೂತಿತ್ತು. "ದಯವಿಟ್ಟು ನನ್ನನ್ನು ಕೆಳಗಿಳಿಸಿ, ರಾತ್ರಿಯೆಲ್ಲ ನಿದ್ದೆಯಿಲ್ಲ" ಎಂದರು.

ಇಳಿಸಿದೆ. ಕೆಳಗಿಳಿಸಿ ಎಂದು ತಿಂಡಿ ಕೊಟ್ಟು ಬೇಡಿಕೊಂಡವರನ್ನು ನಮ್ಮ ಕಡೆಯ ಯಾವ ಸಂಘದಲ್ಲೂ ನಾನು ಕಂಡಿಲ್ಲ.

ನೆಟ್ಟಗೆ ನಿಂತವರು

ಅಲ್ಲಿ ಯಾವ ತೀರ್ಮಾನವನ್ನೂ ಒಬ್ಬರೇ ಮಾಡುವುದಿಲ್ಲ. ಒಂದು ಕಾಗದ ಹೊರಡುತ್ತದೆ, ಮೇಜಿನಿಂದ ಮೇಜಿಗೆ ಹೋಗುತ್ತದೆ, ಪ್ರತಿ ವಿಭಾಗದ ಮುಖ್ಯಸ್ಥರೂ ತಮ್ಮ ಹೆಸರಿನ ಪುಟ್ಟ ಕೆಂಪು ಮುದ್ರೆ ಒತ್ತುತ್ತಾರೆ. ಕಾಗದವೆಲ್ಲ ಜಪಾನಿಯಲ್ಲಿ. ನನ್ನ ಟ್ರೇಗೂ ಆಗಾಗ ಜಪಾನಿ ಕಾಗದಗಳು ಬಂದು ಬೀಳುತ್ತಿದ್ದವು. ಸುತ್ತೋಲೆ ಇರಬೇಕೆಂದು ನಾನು ಅವನ್ನು ಅಲ್ಲೇ ಪೇರಿಸಿಡುತ್ತಿದ್ದೆ.

ಒಮ್ಮೆ ಅಂಥ ಒಂದು ಕಾಗದವನ್ನು ಸ್ಕ್ಯಾನ್ ಮಾಡಿ ಸಂಘದ ಪತ್ರಿಕೆಗೆ ಹಾಕಬೇಕಿತ್ತು. ನೋಡಿದರೆ ಎಡತುದಿಯದೊಂದು ಬಿಟ್ಟು ಮುದ್ರೆಗಳೆಲ್ಲ ಎಡಕ್ಕೆ ವಾಲಿವೆ. ನೆಟ್ಟಗೆ ಒತ್ತಲು ಬಾರದೇ ಇವರಿಗೆ ಎಂದುಕೊಂಡು, ಒಂದೊಂದನ್ನೇ ತಿರುಗಿಸಿ ಸರಿಮಾಡಿದೆ.

ಅಚ್ಚಿಗೆ ಹೋಗುವ ಮುನ್ನ ಅದನ್ನು ನೋಡಿದ ಆಫೀಸಿನ ಜರ್ಮನ್ ಮೇಡಂ ಹಣೆ ಹಿಡಿದುಕೊಂಡರು. "ಎಡತುದಿಯಲ್ಲಿರುವುದು ಅಧ್ಯಕ್ಷರ ಮುದ್ರೆ. ಉಳಿದವರು ಬೇಕೆಂದೇ ವಾರೆಯಾಗಿ ಒತ್ತುತ್ತಾರೆ, ಅವರಿಗೆ ತಲೆಬಾಗಿದ ಹಾಗೆ. ನೀನು ಎಲ್ಲರನ್ನೂ ಸೆಟೆದು ನಿಲ್ಲಿಸಿದ್ದೀಯ!"

ಆ ಇಡೀ ಮಧ್ಯಾಹ್ನ ನಾನು ಕಂಪ್ಯೂಟರಿನಲ್ಲಿ ಕೂತು ಒಂಬತ್ತು ಜನರಿಂದ ನಮಸ್ಕಾರ ಮಾಡಿಸಿದೆ.

ಹಲ್ಲಿನ ಸಂದಿನ ಉಸಿರು

ಕರಾರು ಮುಗಿಯಲು ಎರಡು ತಿಂಗಳಿದ್ದಾಗ ಧೈರ್ಯ ಮಾಡಿ ಕಾರ್ಯದರ್ಶಿಯವರನ್ನು ಕೇಳಿದೆ. ಅವರು ಕಣ್ಣು ಮುಚ್ಚಿ, ಹಲ್ಲಿನ ಸಂದಿಯಿಂದ ಸುಯ್ ಎಂದು ಉಸಿರೆಳೆದು, "ನೋಡೋಣ" ಎಂದರು.

ಮೇಡಂಗೆ ಹೇಳಿದೆ. "ಹಾಗೆ ಉಸಿರೆಳೆದರೆ 'ಇಲ್ಲ' ಅಂತ ಅರ್ಥ. ಬಾಯಿಬಿಟ್ಟು ಹೇಳುವವರಲ್ಲ ಅವರು" ಎಂದರು.

ಮರುದಿನ ಕಾರ್ಯದರ್ಶಿಯವರು ದವಡೆ ಊದಿಸಿಕೊಂಡು ಬಂದರು. ಹಲ್ಲು ಕೀಳಿಸಿಕೊಂಡಿದ್ದರಂತೆ. ನನ್ನನ್ನು ಕಂಡವರೇ, "ನಿಮ್ಮ ಕಾಗದ ಹೊರಟಿದೆ" ಎಂದರು. ಯಾರೋ ಗುರುತಿಲ್ಲದ ಹಲ್ಲಿನ ಡಾಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಬಾರದ ಕಾಗದ

ಹೊರಟ ಕಾಗದ ಬರಲೇ ಇಲ್ಲ. ಒಂದು ವಾರವಾಯಿತು, ಮೂರಾಯಿತು. ವೀಸಾ ಕಚೇರಿಯಲ್ಲಿ, ಅಂದರೆ ಆಸ್‌ಲೆಂಡರ್‌ಬೆಹೋರ್ಡೆಯಲ್ಲಿ, ಗುರುವಾರಕ್ಕೆ ನನ್ನ ಸಮಯ ಗೊತ್ತಾಗಿತ್ತು. ಬುಧವಾರ ಬೆಳಿಗ್ಗೆ ಹೆಂಡತಿ ಕೇಳಿದಳು.

"ಕಾಗದ ಬಂತೇನ್ರೀ?"

"ಇಲ್ಲ."

"ಹಂಗಾರ ನಾಳೆ ಕೈಯಾಗ ಏನ್ ಹಿಡಕೊಂಡು ಹೋಗ್ತೀರಿ? ಎಷ್ಟ್ ಅಲೆದಾಡಿ ಕೂಸಿಗೆ ಕಿಂಡರ್‌ಗಾರ್ಟನ್‌ನ್ಯಾಗ ಜಾಗಾ ಹಿಡದೇವಿ. ಬಿಡಸೂದೇನು ಈಗ?"

"ನೈನ್!" ಎಂದಳು ನಾಲ್ಕು ವರ್ಷದ ಮಗಳು. ಎರಡು ವರ್ಷ ಆಫೀಸಿನಲ್ಲಿ ಯಾರ ಬಾಯಲ್ಲೂ ಕೇಳದ 'ಇಲ್ಲ' ಮನೆಯಲ್ಲಿ ಜರ್ಮನ್ ಭಾಷೆಯಲ್ಲಿ ಕೇಳಿಸಿತು.

ಆಫೀಸಿಗೆ ಹೋದವನೇ ಮೇಡಂ ಮುಂದೆ ಅಳುವುದೊಂದು ಬಾಕಿ. ಅವರು ಕಾಗದದ ಜಾಡು ಹಿಡಿದು ಹೊರಟರು. ಎಲ್ಲ ಮೇಜಿನವರೂ, "ನಾನು ಆಗಲೇ ಒತ್ತಿ ಮುಂದಕ್ಕೆ ಕಳಿಸಿದೆ" ಎಂದರು. ಕೊನೆಗೆ ಮೇಡಂ ನನ್ನ ಮೇಜಿಗೆ ಬಂದು, ಚಹಾದ ಮಗ್ ಎತ್ತಿ, ಅದರಡಿಯ ಟ್ರೇಗೆ ಕೈಹಾಕಿ ಒಂದು ಹಾಳೆ ಎಳೆದರು.

ಹತ್ತು ಮುದ್ರೆ ಬಿದ್ದಿದ್ದವು. ಒಂದು ಚೌಕ ಖಾಲಿ.

"ಇದು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರದು" ಎಂದರು ಮೇಡಂ.

ಆ ವಿಭಾಗದ ಮುಖ್ಯಸ್ಥ ನಾನು. ಉಳಿದ ನೌಕರರೂ ನಾನೇ. ನನ್ನ ಕೆಲಸ ಉಳಿಯಬೇಕೋ ಬೇಡವೋ ಎಂಬ ಕಾಗದ, ನನ್ನ ಒಪ್ಪಿಗೆಗಾಗಿ, ಎರಡು ವಾರದಿಂದ ನನ್ನ ಮಗ್ಗಿನಡಿ ಕೂತಿತ್ತು.

ಕಾರ್ಯದರ್ಶಿಯವರ ಬಳಿ ಓಡಿದೆ. ಕಾಗದ ಕಂಡು ಅವರ ಮುಖ ಅರಳಿತು. "ನಿಮಗೆ ಮನಸ್ಸಿಲ್ಲವೇನೋ ಅಂದುಕೊಂಡೆವು. ಒತ್ತಾಯ ಮಾಡುವುದು ಸರಿಯಲ್ಲವೆಂದು ಸುಮ್ಮನಿದ್ದೆವು. ಹೊಸ ಕರಾರಿಗೆ ಎರಡು ವರ್ಷ ಕಡಿಮೆಯಾಯಿತೇನೋ ಎಂದು ನಿನ್ನೆ ತಾನೇ ಮೂರು ಮಾಡಿದ್ದೇವೆ."

ಅಬ್ಬ! ಎದೆಯ ಮೇಲಿನ ಕಲ್ಲುಚಪ್ಪಡಿ ಸರಿದಂತಾಯಿತು. ಆದರೆ ನನ್ನ ಬಳಿ ಮುದ್ರೆ ಎಲ್ಲಿದೆ? ಮಾಡಿಸಲು ಎರಡು ವಾರ ಬೇಕು. ಕಾರ್ಯದರ್ಶಿಯವರು ಕೆಂಪು ಶಾಯಿಯ ಡಬ್ಬಿ ತೆರೆದು ನನ್ನತ್ತ ಸರಿಸಿದರು. "ಮುದ್ರೆ ಇಲ್ಲದವರು ಹೆಬ್ಬೆರಳು ಒತ್ತಬಹುದು. ನಮ್ಮಲ್ಲಿ ನಡೆಯುತ್ತದೆ."

ಪಾಠ ಕಲಿತಿದ್ದೆನಲ್ಲ, ಎಡಕ್ಕೆ ವಾಲಿಸಿ ಒತ್ತಿದೆ. ಅಧ್ಯಕ್ಷರಿಗೆ ನನ್ನ ಬೆರಳೂ ತಲೆಬಾಗಿತು.

ಸಂಜೆ ಆ ಕಾಗದದ ನಕಲನ್ನೂ ಹೊಸ ಕರಾರನ್ನೂ ಹೆಂಡತಿಯ ಕೈಗಿಟ್ಟೆ. ಅವಳು ಕರಾರನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ನಕಲನ್ನು ಬೆಳಕಿಗೆ ಹಿಡಿದು ಕೇಳಿದಳು:

"ಇದೇನ್ರೀ, ಕಡೀಕಿಂದು?"

"ನನ್ನ ಹೆಬ್ಬಟ್ಟು."

ಅವಳು ಒಂದು ಗಳಿಗೆ ನನ್ನ ಮುಖ, ಒಂದು ಗಳಿಗೆ ಕಾಗದ ನೋಡಿದಳು.

"ಹುಡುಗ ಇಂಜಿನಿಯರ್ ಅದಾನ ಅಂತ ಹೇಳಿ ನಮ್ಮಪ್ಪ ಕೊಟ್ಟಿದ್ದ. ಜರ್ಮನಿತನಾ ಬಂದು ನೋಡಿದ್ರ ಹೆಬ್ಬಟ್ಟು. ಅದೂ ಸೊಟ್ಟ!"