ಕೋರ್ಟು ಬಿಟ್ಟವನನ್ನು ನಾನು ಬಿಡಲಿಲ್ಲ

ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿಯಲ್ಲಿ ನಾನು ಒಬ್ಬ ಮನುಷ್ಯನನ್ನು ಗಲ್ಲಿಗೇರಿಸಿಯೇ ತೀರುತ್ತೇನೆಂದು ಪಣ ತೊಟ್ಟೆ!

ಗಾಬರಿಯಾಗಬೇಡಿ. ನಾನು ಜಡ್ಜನೂ ಅಲ್ಲ, ಪೊಲೀಸನೂ ಅಲ್ಲ. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತ, ಹೆಸರು ತಿಪ್ಪೇರುದ್ರಪ್ಪ. ಆದರೆ ಗಿರಣಿಯ ನಾಟಕ ಸಂಘಕ್ಕೆ ನಾನೇ ಕವಿ, ನಾನೇ ನಿರ್ದೇಶಕ, ನಾನೇ ನಾಯಕ! ಪೌರಾಣಿಕ ಆಡಿ ಆಡಿ ನಮ್ಮ ಗದೆಗಳ ಬಣ್ಣವೆಲ್ಲ ಉದುರಿಹೋಗಿತ್ತು. "ಈ ಸಲ ಕೋರ್ಟಿನ ನಾಟಕ! ಅದೂ ನಿಜವಾಗಿ ನಡೆದ ಕೊಲೆ ಕೇಸು!" ಎಂದು ಸಂಘದ ಸಭೆಯಲ್ಲಿ ಮೇಜು ಗುದ್ದಿದೆ. ಮೇಜಿನ ಮೇಲಿದ್ದ ಬಿಸಿ ಚಹಾ ಹೆಡ್ ಕ್ಲರ್ಕ್ ಪಂಚಾಕ್ಷರಪ್ಪನವರ ಪಂಚೆಯ ಮೇಲೆ ಬಿತ್ತು. ಅವರು ಅಯ್ಯಯ್ಯೋ ಎಂದು ಕೈ ಎತ್ತಿದರು. ಒಪ್ಪಿಗೆಯೆಂದು ಬರೆದುಕೊಂಡೆವು.

ಆ ಕೇಸು ನಡೆದು ಎರಡು ವರ್ಷವಾಗಿತ್ತು. ದೀಪಾವಳಿಯ ಹಿಂದಿನ ಸಂಜೆ ಮಂಡಿಪೇಟೆಯ ಒಬ್ಬ ಹತ್ತಿ ದಲಾಲಿ ತನ್ನ ಗೋದಾಮಿನಲ್ಲೇ ಕೊಲೆಯಾಗಿದ್ದ. ಪೊಲೀಸರು ಹಿಡಿದದ್ದು ಬಂಡಿ ಹೊಡೆಯುವ ಪೈಲ್ವಾನ್ ಕೆಂಚವೀರಪ್ಪನನ್ನು. ಕಾರಣವಿಷ್ಟೇ. ಕೊಲೆಗೆ ಮೊದಲು ಅವನು ನಡುಬಜಾರಿನಲ್ಲಿ ನಿಂತು ಆ ದಲಾಲಿಗೆ "ನಿನ್ನ ಮುರಿದು ಮೂಲೆಗೆ ಹಾಕ್ತೀನಿ" ಎಂದು ಕೂಗಿದ್ದ. ಚಿತ್ರದುರ್ಗದ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೆದಾಗ ಅರ್ಧ ದಾವಣಗೆರೆ ಬಸ್ಸು ಹತ್ತಿ ಹೋಗಿತ್ತು. ನಾನೂ ಆಫೀಸಿಗೆ ಹೊಟ್ಟೆನೋವೆಂದು ಹೇಳಿ ಹೋಗಿದ್ದೆ. ಆರೋಪಿ ಕಟಕಟೆಯಲ್ಲಿ ಬಂಡೆಯಂತೆ ನಿಂತಿದ್ದ. ಏನು ಕೇಳಿದರೂ "ನಂಗೆ ಗೊತ್ತಿಲ್ಲ ಸ್ವಾಮಿ" ಎಂಬುದೊಂದೇ ಉತ್ತರ. ಸಾಕ್ಷಿ ಸಾಲದೆಂದು ಕೊನೆಗೆ ಕೋರ್ಟು ಅವನನ್ನು ಬಿಟ್ಟಿತು. ಊರು ಬಿಡಲಿಲ್ಲ. ಅವನ ಬಂಡಿ ಬಂದರೆ ಅಂಗಡಿಕಟ್ಟೆಯ ಮೇಲಿನ ಮಾತು ನಿಂತುಬಿಡುತ್ತಿತ್ತು.

ನನ್ನ ನಾಟಕದಲ್ಲಿ ನಾನೇ ಸರ್ಕಾರಿ ವಕೀಲ. ಕೊನೆಗೆ ನನ್ನ ಸಿಂಹಗರ್ಜನೆಯ ಭಾಷಣ, ಆರೋಪಿಗೆ ಗಲ್ಲು, ಪರದೆ, ಚಪ್ಪಾಳೆ!

ನನ್ನ ಹೆಂಡತಿ ಕಮಲಕ್ಕ ರೊಟ್ಟಿ ತಟ್ಟುತ್ತಲೇ ಕಥೆ ಕೇಳಿ ಕೈ ನಿಲ್ಲಿಸಿದಳು.

"ಕೋರ್ಟಿನಾಗ ಬಿಟ್ರಲ್ರಿ ಅವನ್ನ?"

"ಬಿಟ್ಟರೆ ನಾಟಕ ಎಲ್ಲಿ ಉಳೀತೈತೆ? ಜನ ದುಡ್ಡು ಕೊಟ್ಟು ಬಂದಿರ್ತಾರೆ, ಗಲ್ಲು ಬೇಕು!"

"ಆ ಮನುಷ್ಯ ಇಲ್ಲೇ ಬದುಕಿ ತಿರುಗಾಡ್ತಾನ್ರಿ."

"ಹೆಸರು ಬದಲಾಯಿಸೀನಿ ಕಣೆ. ಅವನು ಕೆಂಚವೀರಪ್ಪ. ನನ್ನ ಪಾತ್ರ ಕಂಚವೀರಪ್ಪ! ಒಂದು ಎತ್ವ ತೆಗೆದುಬಿಟ್ರೆ ಕಾನೂನು ಮುಟ್ಟಂಗಿಲ್ಲ."

"ಅವನ ಕೈಗೆ ಸಿಕ್ರೆ ನಿಮ್ಮ ಎತ್ವ, ಕೊಂಬು, ದೀರ್ಘ ಎಲ್ಲಾ ತೆಗೀತಾನೆ, ನೋಡ್ತಿರ್ರಿ!"

ನಾನು ನಕ್ಕುಬಿಟ್ಟೆ. ವಕೀಲರ ಕರಿ ಗೌನಿಗೆ ಅವಳ ಕರಿ ಚಂದ್ರಕಾಳಿ ಸೀರೆಯನ್ನೇ ಕೇಳಿದೆ. ಕಟಕಟೆಗೆ ಅಟ್ಟದ ಮೇಲಿದ್ದ ಮರದ ತೊಟ್ಟಿಲನ್ನು ಇಳಿಸಿ ಅದರ ಕಂಬಿಗಳನ್ನು ಕಳಚಿದೆ. "ಮಕ್ಕಳು ಮಲಗಿದ ತೊಟ್ಟಿಲದಾಗ ಕೊಲೆಗಾರನ್ನ ನಿಲ್ಲಿಸ್ತೀರಲ್ರಿ!" ಎಂದು ಅವಳು ಬೈದಳು. ಕಲಾವಿದನ ಕಿವಿಗೆ ಅಂಥದ್ದೆಲ್ಲ ಬೀಳುವುದಿಲ್ಲ!

ನಾಟಕ ಹರಿಹರದಲ್ಲಿ ಎಂದು ಗೊತ್ತಾಯಿತು. ಅಲ್ಲಿ ಬೀಡುಬಿಟ್ಟಿದ್ದ ಟೂರಿಂಗ್ ಟಾಕೀಸಿನವರು ಹಗಲು ಹೊತ್ತು ಡೇರೆಯನ್ನು ನಮಗೆ ಬಿಟ್ಟುಕೊಡಲು ಒಪ್ಪಿದ್ದರು. ಗೋಡೆಗೋಡೆಗೆ ಪೋಸ್ಟರು ಬಿತ್ತು: "ಮಂಡಿಪೇಟೆ ಕೊಲೆ! ಕಂಚವೀರಪ್ಪನಿಗೆ ಗಲ್ಲು! ಭಾನುವಾರ ಮಧ್ಯಾಹ್ನ, ಹರಿಹರ!"

ಪೋಸ್ಟರು ಬಿದ್ದ ಮಾರನೇ ಸಂಜೆ ಮನೆಗೆ ಬಂದೆ. ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ. ಚಪ್ಪಲಿಯೇ ಅವು? ಒಂದೊಂದರಲ್ಲೂ ಒಂದೊಂದು ಬೆಕ್ಕು ಮರಿ ಹಾಕಬಹುದಿತ್ತು! ಒಳಗೆ ಇಣುಕಿದೆ. ಪಡಸಾಲೆಯ ಚಾಪೆಯ ಮೇಲೆ ಕೆಂಚವೀರಪ್ಪ ಕೂತಿದ್ದ. ಮುಂದೆ ತಟ್ಟೆ ತುಂಬ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನನ್ನ ಹೆಂಡತಿ, ನನ್ನ ಅರ್ಧಾಂಗಿ, ಅವನಿಗೆ ಬಡಿಸುತ್ತಿದ್ದಳು!

ನನ್ನ ಕಾಲು ಹಿಂದಕ್ಕೆ ತಿರುಗುವಷ್ಟರಲ್ಲಿ ಅವಳು ಕೂಗಿದಳು. "ಬಂದ್ರು ನೋಡ್ರಿ ಅಣ್ಣಾರೆ. ಬರ್ರಿ, ಒಳಗ ಬರ್ರಿ. ಯಾಕ ಹೊಸ್ತಿಲದಾಗೇ ನಿಂತ್ರಿ?"

ಬಂದು ಕೂತೆ. ಅವನು ನಿಧಾನವಾಗಿ ಒಂದು ಮೆಣಸಿನಕಾಯಿ ಕಡಿದ. ಆ ಸದ್ದು ನನ್ನ ಬೆನ್ನುಮೂಳೆಯಲ್ಲಿ ಕೇಳಿಸಿತು.

"ನನ್ನ ಗಲ್ಲಿಗೆ ಹಾಕ್ತೀರಂತೆ?" ಎಂದ.

"ಛೆ ಛೆ! ಅವನು ಕಂಚ... ನೀವು ಕೆಂಚ..."

"ನಂಗೆ ಓದಕ್ಕ ಬರಲ್ರಿ. ಓದಿದೋರೆಲ್ಲ ಕೆಂಚ ಅಂತಾನೇ ಓದ್ತಾ ಅದಾರೆ."

ಅವನು ದನಿ ಏರಿಸಲೇ ಇಲ್ಲ. ಏರಿಸಿದ್ದರೆ ಎಷ್ಟೋ ವಾಸಿ! "ನನ್ನ ಮಗಳು ಮೈಲಮ್ಮಗ ನಂದಿಗುಡಿ ಕಡೆಯಿಂದ ಸಂಬಂಧ ಬಂದೈತೆ. ಹುಡುಗನ ಅಪ್ಪ ಉಚ್ಚಂಗೆಪ್ಪಗ ಹುಡುಗಿ ಒಪ್ಪಿಗೆ ಆಗ್ಯಾಳೆ. ಆದ್ರ ಹುಡುಗಿ ಅಪ್ಪ ಎಂಥೋನು ಅಂತ ವಿಚಾರಿಸ್ತಾ ಅದಾರೆ. ಭಾನುವಾರ ನಿಮ್ಮ ಆಟಕ್ಕ ಮನೆಮಂದಿ ಎಲ್ಲಾ ಬರ್ತಾರಂತೆ. ಕೋರ್ಟು ನನ್ನ ಬಿಟ್ಟೈತೆ. ನೀವ್ಯಾಕ ಬಿಡವಲ್ರಿ?"

ಕಮಲಕ್ಕ ನನ್ನನ್ನೇ ನೋಡುತ್ತಿದ್ದಳು. ಆ ಕ್ಷಣದಲ್ಲಿ ನಾನು ಏನು ಹೇಳಬೇಕಿತ್ತೆಂದು ಈಗ ಚೆನ್ನಾಗಿ ಗೊತ್ತು. ಆದರೆ ಆಗ ಹೇಳಿದ್ದು, "ನೋಡೋಣ, ಸಂಘದಾಗ ಕೇಳ್ತೀನಿ." ಗಲ್ಲು ತೆಗೆದರೆ ನನ್ನ ಭಾಷಣವೂ ಹೋಗುತ್ತಿತ್ತಲ್ಲ!

ಅವನು ಎದ್ದ. "ನಾನೂ ಬರ್ತೀನ್ರಿ. ಮುಂದಿನ ಸಾಲಿನಾಗ ಕೂಡ್ತೀನಿ" ಎಂದು ಹೊರಟುಹೋದ. ಬೆದರಿಸಿದನೋ, ಸುಮ್ಮನೆ ಹೇಳಿದನೋ ತಿಳಿಯಲಿಲ್ಲ. ಆ ವಾರವೆಲ್ಲ ಬೀದಿಯಲ್ಲಿ ಬಂಡಿಯ ಗೆಜ್ಜೆ ಕೇಳಿದರೆ ನಾನು ಹಿತ್ತಿಲಿನಲ್ಲಿರುತ್ತಿದ್ದೆ. ಕಮಲಕ್ಕ ನನ್ನೊಡನೆ ಮಾತು ಬಿಟ್ಟಳು. ಅನ್ನಕ್ಕೆ ಕರೆಯುವುದನ್ನೂ ಬಿಟ್ಟು ತಟ್ಟೆಯನ್ನು ಠಣ್ಣೆಂದು ಇಡುತ್ತಿದ್ದಳು.

ಭಾನುವಾರ ಬಂತು. ಡೇರೆ ಕಿಕ್ಕಿರಿದಿತ್ತು. ಪರದೆಯ ಸಂದಿಯಲ್ಲಿ ನೋಡಿದರೆ ಮುಂದಿನ ಸಾಲಿನಲ್ಲಿ, ಇಬ್ಬರು ಕೂರುವ ಜಾಗದಲ್ಲಿ, ಅವನು! ಅವನ ಹಿಂದೆಯೇ ರುಮಾಲು ಸುತ್ತಿದ ಉಚ್ಚಂಗೆಪ್ಪ, ಅವರ ನೆಂಟರಿಷ್ಟರು. ಹೆಂಗಸರ ಕಡೆ ಕಮಲಕ್ಕ ಕೈಕಟ್ಟಿ ಕೂತಿದ್ದಳು.

ನಮ್ಮ ಆರೋಪಿಯ ಪಾತ್ರ ಆಫೀಸಿನ ಹಿದಾಯತ್‌ನದು. ಮೂರು ಬನಿಯನ್ ಹಾಕಿಸಿ, ಒಳಗೆ ಗಿರಣಿಯ ಹತ್ತಿ ತುಂಬಿ ಅವನನ್ನು ಪೈಲ್ವಾನ್ ಮಾಡಿದ್ದೆವು. ಅವನೂ ಸಂದಿಯಲ್ಲಿ ನೋಡಿದ.

"ಅಲ್ಲಿ ಕುಂತಿರೋದು ಯಾರ್ರಿ ಅದು?"

"ಯಾರೋ ಪ್ರೇಕ್ಷಕರು ಕಣಯ್ಯ."

"ಯಾ ಅಲ್ಲಾ! ಅವನ ಪಾರ್ಟು ಅವನ ಮುಂದೇನೇ ಮಾಡಬೇಕಾ? ರುದ್ರಪ್ಪಾರೆ, ಈಗ ಬಂದೆ, ಒಂದು ನಿಮಿಷ ಹೊರಗ ಹೋಗಿ ಬರ್ತೀನಿ" ಎಂದವನು ಹೋದ. ಡೇರೆಯಿಂದ ಬಸ್ ಸ್ಟ್ಯಾಂಡಿನವರೆಗೆ ದಾರಿಯುದ್ದಕ್ಕೂ ಹತ್ತಿ ಉದುರಿತ್ತೆಂದು ಆಮೇಲೆ ತಿಳಿಯಿತು!

ಪರದೆ ಎದ್ದಿತ್ತು. ಜಡ್ಜ್ ಪಂಚಾಕ್ಷರಪ್ಪನವರು ಹತ್ತಿಯ ಬಿಳಿ ಕೂದಲಿನ ಟೋಪನ್ ಹಾಕಿಕೊಂಡು, ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ ಬಡಿದು "ಆರೋಪಿಯನ್ನು ಕರೆತನ್ನಿ!" ಎಂದರು. ಯಾರೂ ಬರಲಿಲ್ಲ. ಮತ್ತೆ ಕುಟ್ಟಿದರು. "ಆರೋಪಿ ಎಲ್ಲಿ?" ಜನ ಸಿಳ್ಳೆ ಹೊಡೆದರು. ಯಾರೋ "ದುಡ್ಡು ವಾಪಸ್ ಕೊಡ್ರಲೇ!" ಎಂದ. ಹಿಂದಿನ ಸಾಲಿನವರು ಎದ್ದು ನಿಂತರು. ಡೇರೆಯ ಕಂಬ ಅಲ್ಲಾಡಿತು. ನಾನು ಸೀರೆಯ ಗೌನಿನೊಳಗೆ ಬೆವೆತುಹೋದೆ.

ಆಗ ಹೆಂಗಸರ ಕಡೆಯಿಂದ ನನ್ನ ಹೆಂಡತಿಯ ದನಿ ಎದ್ದಿತು. "ಯಾಕ ಹುಡುಕ್ತೀರ್ರಿ? ಖುದ್ದು ಮನುಷ್ಯನೇ ಮುಂದ ಕುಂತಾರಲ್ಲ! ಅಣ್ಣಾರೆ, ಹತ್ರಿ ಮ್ಯಾಲೆ! ಏನ್ ಕೇಳ್ತಾರೋ ಕೇಳ್ಲಿ. ನಿಜಾನೇ ಹೇಳ್ರಿ!"

ಸಿಳ್ಳೆ ನಿಂತಿತು. ಸಾವಿರ ತಲೆ ಮುಂದಿನ ಸಾಲಿನತ್ತ ತಿರುಗಿತು. ಕೆಂಚವೀರಪ್ಪ ಎದ್ದು, ಒಂದೇ ಹೆಜ್ಜೆಗೆ ರಂಗ ಹತ್ತಿ, ಕಟಕಟೆಯಲ್ಲಿ ನಿಂತು ಕಂಬಿ ಹಿಡಿದ. ಕಂಬಿ ಲಟಕ್ಕೆಂದು ಕಳಚಿ ಅವನ ಕೈಗೇ ಬಂತು. ಯಾರೂ ನಗಲಿಲ್ಲ. ನನ್ನೆದುರಿಗೆ ಆ ಮನುಷ್ಯ, ಅವನ ಕೈಯಲ್ಲಿ ಶಿವನಿ ಮರದ ಗಟ್ಟಿ ಕಂಬಿ, ಪ್ರಶ್ನೆ ಕೇಳಬೇಕಾದವನು ನಾನು!

"ಆ... ಆರೋಪಿಯೇ!" ಎಂದೆ. ಗರ್ಜಿಸಬೇಕಾದ ದನಿ ಮಿಯಾಂವ್ ಎಂದಿತು. "ದೀಪಾವಳಿಯ ಹಿಂದಿನ ಸಂಜೆ ನೀನು... ನೀವು... ತಾವು ಎಲ್ಲಿದ್ದಿರಿ?"

"ಇಲ್ಲೇ ಹರಿಹರದಾಗ ಇದ್ದೆ."

ನನ್ನ ಬರವಣಿಗೆಯಲ್ಲಿ ಈ ಮಾತಿರಲಿಲ್ಲ. ಮುಂದೇನು ಕೇಳಬೇಕೆಂದು ತಿಳಿಯದೆ, "ಯಾಕೆ?" ಎಂದೆ.

ಅವನು ಕುತ್ತಿಗೆಯವರೆಗೂ ಕೆಂಪಾದ. "ಹಲ್ಲು ಕೀಳಿಸಕ್ಕ" ಎಂದ.

ಯಾರೋ ಕಿಸಕ್ಕೆಂದರು. ಅವನು ತಲೆ ಎತ್ತಿದ. "ನಗ್ರಿ, ನಗ್ರಿ. ಎರಡು ವರ್ಷದಿಂದ ಯಾರೂ ನನ್ನ ಮುಂದ ನಕ್ಕಿಲ್ಲ. ಹಬ್ಬ ಮುಗಿದ ಮ್ಯಾಲೆ ನನ್ನ ಕುಸ್ತಿ ಇತ್ತು. ದವಡೆ ಹಲ್ಲು ಊದಿಕೊಂಡಿತ್ತು. ದಾವಣಗೆರೆಯಾಗ ಕೀಳಿಸಿದ್ರ ಪೈಲ್ವಾನ್ ಅತ್ತ ಅಂತ ಊರೆಲ್ಲಾ ಸುದ್ದಿ ಆಗ್ತಿತ್ತು. ಅದಕ್ಕ ಇಲ್ಲಿಗೆ ಬಂದು ಹಕೀಮ್ ಮೌಲಾ ಸಾಬ್ರ ಕಡೆ ಕೀಳಿಸಿದೆ. ಯಾರಿಗೂ ಹೇಳಬ್ಯಾಡ್ರಿ ಅಂತ ಆಣೆ ಹಾಕಿಸಿದೆ. ಆಮ್ಯಾಲೆ ಕೇಸು ಬಂತು. ಸಾಕ್ಷಿ ಗಟ್ಟಿ ಇಲ್ಲ, ನೀನು ಬಾಯಿ ಬಿಡಬ್ಯಾಡ ಅಂದ್ರು ನಮ್ಮ ವಕೀಲರು. ಹಲ್ಲಿಗಂತ ಬಾಯಿ ಬಿಟ್ಟಿದ್ದನ್ನ ಹೇಳಕ್ಕೂ ಬಾಯಿ ಬಿಡಲಿಲ್ಲ. ಕೋರ್ಟು ಬಿಟ್ಟ ಮ್ಯಾಲೆ ನನ್ನ ಯಾರೂ ಏನೂ ಕೇಳಲೇ ಇಲ್ಲ. ಇವತ್ತು ಇವರು ಕೇಳಿದ್ರು, ಹೇಳಿದೆ."

ಎರಡು ವರ್ಷ ಅವನ ಬಂಡಿಯ ಹಿಂದೆ ಗುಸುಗುಸು ಮಾತಾಡಿದವರಲ್ಲಿ ನಾನೂ ಒಬ್ಬ. ಒಂದು ದಿನವೂ ಕೇಳಿರಲಿಲ್ಲ.

ಅಷ್ಟರಲ್ಲಿ ಡೇರೆಯ ನಡುವಿನಿಂದ ಬಿಳಿ ಗಡ್ಡದ ಮುದುಕರೊಬ್ಬರು ಎದ್ದು ನಿಂತರು. "ಹೌದು ಜಡ್ಜ್ ಸಾಬ್! ಮೌಲಾ ಸಾಬ್ ಅಂದ್ರೆ ನಾನೇ!"

ಪಂಚಾಕ್ಷರಪ್ಪನವರು ಪಾತ್ರ ಬಿಡಲಿಲ್ಲ. ಕುಟ್ಟಾಣಿ ಬಡಿದು ಕೇಳಿದರು. "ಅದೇ ದಿನ ಅಂತ ಹೆಂಗೆ ಹೇಳ್ತೀರಿ?"

"ಹೆಂಗೆ ಮರೀಲಿ ಸ್ವಾಮಿ? ಆವತ್ತು ಸಂಜೆ ನನ್ನ ಮಗಳು ಸುಗ್ರಾಬಿನ್ನ ನೋಡಕ್ಕ ಗಂಡಿನ ಕಡೆಯೋರು ಬಂದು ಒಳಗ ಕುಂತಿದ್ರು. ಹೊರಗ ಈ ಪೈಲ್ವಾನ್ ನಾನು ಚಿಮಟ ಹಿಡಿಯೋದ್ರಾಗೇ 'ಯವ್ವಾ' ಅಂತ ಕೂಗಿದ ನೋಡ್ರಿ, ಬಂದೋರು ಚಹಾನೂ ಕುಡೀದೆ ಎದ್ದು ಹೋದ್ರು! ಬೀದಿ ಜನ ಎಲ್ಲಾ ಕೇಳ್ಯಾರೆ!"

"ನಾನೂ ಕೇಳೀನಿ!" ಎಂದ ಒಬ್ಬ. "ಎಮ್ಮೆ ಬಾವಿಗೆ ಬಿತ್ತು ಅಂತ ಹಗ್ಗ ತಗೊಂಡು ಓಡಿದ್ದೆ!" ಎಂದ ಇನ್ನೊಬ್ಬ.

"ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲ?" ಎಂದು ಜಡ್ಜ್ ಸಾಹೇಬರು ಗದರಿದರು.

"ಆಣೆ ಐತಲ್ಲ ಸಾಬ್! ಚಿತ್ರದುರ್ಗದಾಗ ಕೇಸು ನಡೆಯೋವಾಗ ನಾನು ಹೈದರಾಬಾದಿನಾಗ ತಮ್ಮನ ಮನೆಯಾಗಿದ್ದೆ. ಬರೋದ್ರಾಗ ಬಿಟ್ಟಿದ್ರು. ಬಿಟ್ರಲ್ಲ, ಮುಗೀತು ಅಂದ್ಕೊಂಡೆ. ಊರು ಬಿಟ್ಟಿಲ್ಲ ಅಂತ ನಂಗೇನು ಗೊತ್ತು?"

ಡೇರೆ ಹಾರಿಹೋಗುವಂಥ ನಗು ಎದ್ದಿತು. ಕೆಂಚವೀರಪ್ಪನೂ ನಕ್ಕ. ದವಡೆಯ ಖಾಲಿ ಜಾಗ ಎಲ್ಲರಿಗೂ ಕಂಡಿತು. ಉಚ್ಚಂಗೆಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಗುವಿಗೋ ಅಳುವಿಗೋ, ಹೇಳಲಾರೆ.

ಇನ್ನು ನನ್ನ ಸಿಂಹಗರ್ಜನೆ! ಎದೆ ಸೆಟೆಸಿ "ಮಹಾಸ್ವಾಮಿ, ಈ ನರರಾಕ್ಷಸನ..." ಎನ್ನುವಷ್ಟರಲ್ಲಿ ಕೈಯಲ್ಲಿ ಕಂಬಿ ಹಿಡಿದ ಕೆಂಚವೀರಪ್ಪ ಮೆಲ್ಲಗೆ ನನ್ನತ್ತ ತಿರುಗಿದ. ನಾನು ಹಿಂದೆ ಸರಿದೆ, ಗೌನಿನ ಸೆರಗು ಕಾಲಿಗೆ ಸಿಕ್ಕಿತು, ಜಡ್ಜರ ಮೇಜಿನಡಿಗೆ ಬಿದ್ದೆ. ಮೇಲಿನಿಂದ ಪಂಚಾಕ್ಷರಪ್ಪನವರ ತೀರ್ಪು ಕೇಳಿಸಿತು. "ಆರೋಪಿ ನಿರಪರಾಧಿ! ಬಿಡುಗಡೆ! ಪರದೆ ಎಳೀರಲೇ!" ಹಾಗೊಂದು ಚಪ್ಪಾಳೆಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕೇಳಿದ್ದು ಮೇಜಿನ ಕೆಳಗಿನಿಂದ!

ಮಾರನೆಯ ದಿನದಿಂದ ಮಂಡಿಪೇಟೆಯಲ್ಲಿ ಕೆಂಚವೀರಪ್ಪನ ಬಂಡಿ ಬಂದರೆ ಜನ "ಹಲ್ಲು ಹೆಂಗೈತೆ ಪೈಲ್ವಾನ್ರೆ?" ಎಂದು ನಗುತ್ತ ಕೂಗತೊಡಗಿದರು. ಅವನು ಬಂಡಿ ನಿಲ್ಲಿಸಿ ಅವರ ಜೊತೆ ಬೀಡಿ ಸೇದುತ್ತಿದ್ದ.

ಎರಡು ತಿಂಗಳಿಗೆ ನಂದಿಗುಡಿಯಲ್ಲಿ ಮೈಲಮ್ಮನ ಮದುವೆ. ನಮ್ಮಿಬ್ಬರಿಗೂ ಕರೆ ಬಂತು. ಚಪ್ಪರದ ಮೂಲೆಯಲ್ಲಿ ಅಡಗಿ ಕೂತಿದ್ದವನನ್ನು ಕೆಂಚವೀರಪ್ಪ ತೋಳು ಹಿಡಿದು ಎಬ್ಬಿಸಿ, ಬೀಗರ ನಡುವೆ ನಿಲ್ಲಿಸಿದ. "ಎಲ್ಲಾರೂ ನೋಡ್ರಿ! ನನ್ನ ಬಿಡಿಸಿದ ವಕೀಲರು ಇವರೇ!" ಎಂದು ನನ್ನ ಹೆಗಲಿಗೆ ಶಾಲು ಹೊದಿಸಿದ. ಹಿರಿಯರು ಕೈ ಮುಗಿದರು.

ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಇಲ್ರಿ, ಇಲ್ರಿ, ನಾನೇನೂ ಮಾಡಿಲ್ಲ!" ಎಂದು ಎರಡೂ ಕೈ ಆಡಿಸಿದೆ.

"ಅಬ್ಬಾ, ಎಂಥ ದೊಡ್ಡ ಗುಣ!" ಎಂದರು ಉಚ್ಚಂಗೆಪ್ಪ.

ಪಕ್ಕದಲ್ಲಿ ನಿಂತಿದ್ದ ಕಮಲಕ್ಕ ಸೆರಗು ಸರಿಮಾಡಿಕೊಂಡು ಹೇಳಿದಳು. "ಗುಣ ಅಲ್ರಿ ಮಾವಾರೆ. ಮದುವೆಯಾದಾಗಿಂದ ಇವರ ಬಾಯಿಂದ ನಾನು ಕೇಳಿದ ಮೊದಲನೇ ನಿಜ ಇದು!"