ಕಮಲಾಪುರದ ಮೇಲೆ ನನ್ನ ದಂಡಯಾತ್ರೆ

ಭಯೋತ್ಪಾದನೆಯನ್ನು ಈ ಭೂಮಿಯ ಮೇಲಿಂದ ಅಳಿಸಿಹಾಕುವ ಉಪಾಯ ನನ್ನ ಹತ್ತಿರ ಬಹಳ ದಿನಗಳಿಂದ ಇದೆ. ಯಾವ ಸರ್ಕಾರವೂ ಬಂದು ಕೇಳಿಲ್ಲ, ಅದು ಅವರ ಹಣೆಬರಹ. ವೃತ್ತಿಯಿಂದ ನಾನು ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜಿನಲ್ಲಿ ತೊಗರಿ ದಲ್ಲಾಳಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತಾಡುವುದೇ ಕಸುಬು. ಸಂಜೆ ಜೇವರ್ಗಿ ಕಾಲೋನಿಗೆ ಬಂದ ಮೇಲೂ ಬಾಯಿಗೆ ರಜೆಯಿಲ್ಲ. ಪಕ್ಕದ ಮನೆಯ ಸಲೀಮನ ಕಟ್ಟೆಯ ಮೇಲೆ ಕೂತು, ಚಹಾ ಕುಡಿಯುತ್ತ, ದೂರದ ದೇಶಗಳಿಗೆ ಸೈನ್ಯ ಕಳಿಸುತ್ತೇನೆ.

ನನ್ನ ಸಿದ್ಧಾಂತ ಸರಳ. ಭಯೋತ್ಪಾದಕರು ಅಡಗಿರುವ ನಾಡಿನೊಳಕ್ಕೆ ಸೈನ್ಯ ನುಗ್ಗಬೇಕು, ಅಲ್ಲೇ ಠಿಕಾಣಿ ಹೂಡಬೇಕು, ಬೇರು ಕಿತ್ತ ಮೇಲೆಯೇ ಏಳಬೇಕು. ಸಲೀಮ ಇದನ್ನು ಒಪ್ಪುವುದಿಲ್ಲ.

"ಅಲ್ಲಿ ಮಂದಿ ಸುಮ್ನ ಇರ್ತಾರೇನ್ ಭಾಯ್? ನಿನ್ನ ಅಂಗಳದಾಗ ಯಾರರ ಬಂದೂಕ ಹಿಡ್ಕೊಂಡು ಕುಂತ್ರ ನೀ ಚಹಾ ಕೊಡ್ತಿ?" ಎಂದು ಕೇಳುತ್ತಾನೆ.

ಇಂಥ ಸಣ್ಣಪುಟ್ಟ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಇಷ್ಟೆಲ್ಲ ಯುದ್ಧಾನುಭವವಿರುವ ನನ್ನನ್ನು ಗಂಡಿನ ಮನೆ ನೋಡಲು ಕಮಲಾಪುರಕ್ಕೆ ಕರೆದೊಯ್ಯಲು ನನ್ನ ಹೆಂಡತಿ ಕಸ್ತೂರಿ ಯಾಕೆ ಹೆದರಿದಳೋ, ಆಗ ನನಗೆ ತಿಳಿಯಲಿಲ್ಲ.

ನಮಗೆ ಒಬ್ಬಳೇ ಮಗಳು, ಅಶ್ವಿನಿ. ಕಾಲೋನಿಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಆ ಕೆಲಸವೆಂದರೆ ಅವಳಿಗೆ ಜೀವ. ಹುಡುಗ ಸಂತೋಷನ ಊರು ಕಮಲಾಪುರ, ನೌಕರಿ ಕಲಬುರಗಿಯಲ್ಲಿ. ಅವರ ಕಡೆಯವರು ಬಂದು ಹೆಣ್ಣು ನೋಡಿಹೋಗಿದ್ದರು, ಈಗ ನಾವು ಹೋಗಿ ಮನೆ ನೋಡುವ ಸರದಿ. ಹೊರಡುವಾಗ ಅಶ್ವಿನಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಳು.

"ಅಪ್ಪಾ, ಇವತ್ತ ಮಧ್ಯಾಹ್ನ ಸಂತೋಷ ಅವರು ನನಗ ಭೆಟ್ಟಿ ಆಗ್ತಾರ. ಮದುವ್ಯಾದ ಮ್ಯಾಲ ಕೆಲಸ ಬಿಡು ಅಂತಾರೇನು, ನಾನೇ ಕೇಳಬೇಕು. ಬಿಡು ಅಂದ್ರ ನನಗ ಈ ಸಂಬಂಧ ಬ್ಯಾಡ. ನಾ ಫೋನ್ ಮಾಡೋತನಕ ನೀ ಹೂಂ ಅನಬ್ಯಾಡ."

"ನಿನ್ನ ಫೋನ್ ಬರೋತನಕ ನಾ ಮೂಕ ಅಂತ ತಿಳ್ಕೊ," ಎಂದೆ.

ಅವಳು ನಕ್ಕಳು. ನಾನು ಮೂಕನಾಗುವುದನ್ನು ಹುಟ್ಟಿದಾಗಿನಿಂದ ಅವಳು ನೋಡಿಲ್ಲ.

ಕಸ್ತೂರಿಯ ಅಪ್ಪಣೆ ಬೇರೆ ಇತ್ತು. "ಅಲ್ಲಿ ಹೋಗಿ ದಂಡು, ಬಂದೂಕ ಅಂತ ಸುರು ಮಾಡಬ್ಯಾಡ್ರಿ. ರೊಟ್ಟಿಗಂತೂ ಕೈ ಹಚ್ಚಬ್ಯಾಡ್ರಿ." ನಮ್ಮ ಬಳಗದಲ್ಲಿ ಒಂದು ರೂಢಿ. ಗಂಡಿನ ಮನೆ ನೋಡಲು ಹೋದವರು ಚಹಾ ಕುಡಿಯಬಹುದು, ಚುರುಮುರಿಯ ಸುಸಲಾ ತಿನ್ನಬಹುದು. ರೊಟ್ಟಿ ಮುರಿಯುವಂತಿಲ್ಲ. ಹೆಣ್ಣಿನ ತಂದೆ ಆ ಮನೆಯ ರೊಟ್ಟಿ ಮುರಿದನೆಂದರೆ ಸಂಬಂಧ ಒಪ್ಪಿದ ಹಾಗೆ, ಮತ್ತೆ ಬೇರೆ ಮಾತಿಲ್ಲ.

ಸಲೀಮನ ಕಾರಿನಲ್ಲಿ ಹೊರಟೆವು. ಕಮಲಾಪುರದ ಸಂತೆ ದಾಟುವಾಗ ಸಲೀಮ ನನ್ನ ಕಡೆ ತಿರುಗಿ, "ಆಜ್ ಬಾತಾಂ ನಕ್ಕೋ ಕರೋ ಭಾಯ್," ಎಂದ. ಇವತ್ತೊಂದು ದಿನ ಮಾತು ಬೇಡ ಅಂತ. ಎಲ್ಲರೂ ಸೇರಿ ನನ್ನನ್ನು ಏನೆಂದು ತಿಳಿದಿದ್ದಾರೆ ಎಂದು ನನಗೆ ಸಿಟ್ಟೇ ಬಂತು.

ಸಂತೋಷನ ತಂದೆ ಈರಣ್ಣನವರು ನಿವೃತ್ತ ಮಾಸ್ತರರು. ಈಗ ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದಾರೆ. ತಾಯಿ ಮಹಾದೇವಕ್ಕ ನಮ್ಮನ್ನು ನೋಡಿದ್ದೇ ತಡ, ಸುಸಲಾದ ತಾಟುಗಳನ್ನೂ ತೋಟದ ಬಾಳೆಹಣ್ಣುಗಳನ್ನೂ ತಂದಿಟ್ಟರು. ಒಗ್ಗರಣೆ ಹಾಕಿದ ಚುರುಮುರಿ, ನಡುವೆ ಶೇಂಗಾ, ಮೇಲೆ ಕೊತ್ತಂಬರಿ. ಮನೆ ಚೆನ್ನಾಗಿತ್ತು, ಮಂದಿ ಚೆನ್ನಾಗಿದ್ದರು. ಒಂದು ತಾಸು ಕೂತು ಎದ್ದುಬಿಡಬೇಕೆಂದು ನಮ್ಮ ಯೋಜನೆ.

ಗೋಡೆಯ ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಯಾವುದೋ ದೂರದ ದೇಶದ ಬಜಾರಿನಲ್ಲಿ ಯಾರದೋ ಸೈನ್ಯ ಟ್ಯಾಂಕು ನಿಲ್ಲಿಸಿಕೊಂಡು ನಿಂತಿತ್ತು. ಈರಣ್ಣನವರು ಅದನ್ನು ನೋಡಿ, "ಒಳಗ ಹೋಗೋದು ಸರಳ. ಹೊರಗ ಹೆಂಗ ಬರಬೇಕಂತ ಯಾರೂ ವಿಚಾರ ಮಾಡಂಗಿಲ್ಲ," ಎಂದು ತಮ್ಮಷ್ಟಕ್ಕೆ ತಾವು ಅಂದುಕೊಂಡರು.

ತಮ್ಮಷ್ಟಕ್ಕೆ ತಾವು. ನನ್ನನ್ನು ಯಾರೂ ಕೇಳಿರಲಿಲ್ಲ.

"ಹೊರಗ ಯಾಕ ಬರಬೇಕ್ರಿ?" ಎಂದೆ.

ಕಸ್ತೂರಿ ಕೆಮ್ಮಿದಳು. ಸಲೀಮ ಕಣ್ಣು ಮುಚ್ಚಿಕೊಂಡ.

ಈರಣ್ಣನವರು ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ಬಹಳ ದಿನಗಳಿಂದ ಎದುರಾಳಿ ಸಿಗದೆ ಸೊರಗಿದ ಮನುಷ್ಯನ ಮುಖ ಅದು. ಕನ್ನಡಿಯಲ್ಲಿ ನಾನು ದಿನಾ ನೋಡುವ ಮುಖವೂ ಅದೇ.

"ಬ್ಯಾರೆಯವರ ನಾಡಿನಾಗ ಎಷ್ಟು ದಿನ ಅಂತ ಕೂಡೋದ್ರಿ, ಸಾವ್ಕಾರ್ರ?"

ಅಲ್ಲಿಗೆ ಯುದ್ಧ ಶುರುವಾಯಿತು. ನಾನು ಟೀಪಾಯಿಯ ಮೇಲೆ ನಕಾಶೆ ಬಿಡಿಸಿದೆ. ತಾಟಿನ ಸುಸಲಾ ಆ ದೇಶದ ಪ್ರಜೆಗಳು, ಒಳಗೆ ಅಡಗಿದ ಶೇಂಗಾ ಭಯೋತ್ಪಾದಕರು, ಸುತ್ತ ನಿಲ್ಲಿಸಿದ ಕೆಂಪು ಬಾಳೆಹಣ್ಣುಗಳು ನನ್ನ ಸೈನ್ಯ.

"ನೋಡ್ರಿ, ನಾಲ್ಕೂ ಕಡೆ ದಂಡು ಕೂತದ. ಇನ್ನ ಒಂದ ಶೇಂಗಾ ತಪ್ಪಿಸ್ಕೊಳ್ಳಂಗಿಲ್ಲ."

"ಹಂಗಾರ ಒಂದು ಚುರುಮುರಿ ಚೆಲ್ಲಲಾರದಂಗ ಶೇಂಗಾ ಅಷ್ಟೇ ತಗೀರಿ ನೋಡೋಣು," ಎಂದರು ಈರಣ್ಣನವರು.

ನಾನು ಕೈಹಾಕಿದೆ. ಮೊದಲ ಶೇಂಗಾದ ಜೊತೆ ಪ್ರಜೆಗಳೂ ಮಹಾದೇವಕ್ಕನ ಹೊಸ ಜಮಖಾನೆಯ ಮೇಲೆ ಬಿದ್ದರು.

"ಬಿದ್ದವರ ಅಣ್ಣತಮ್ಮಂದಿರು ಸುಮ್ನ ಇರ್ತಾರೇನ್ರಿ? ನಾಳೆ ಅವರೂ ಶೇಂಗಾನೇ ಆಗ್ತಾರ," ಎಂದರು. "ಊರವರನ್ನ ನಮ್ಮ ಕಡೆ ಮಾಡ್ಕೋಬೇಕು. ಪೊಲೀಸ್ರು ಹುಡುಕಬೇಕು, ಕೋರ್ಟಿನಾಗ ನಿಲ್ಲಿಸಬೇಕು, ಅವರಿಗೆ ಬರೋ ರೊಕ್ಕ ಬಂದ್ ಮಾಡಬೇಕು."

"ನೀವು ಹುಡುಕೋದ್ರಾಗ ಸಂತ್ಯಾಗ ಬಾಂಬ್ ಹಾರ್ತದ. ಸತ್ತವರ ಮನಿಯವರಿಗೆ ಏನ್ ಹೇಳ್ತೀರಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದೂ ಖರೆ ಅದ," ಎಂದರು. ಎದುರಾಳಿ ಹೀಗೆ ಅಂದಾಗ ನಾನು ನಿಲ್ಲಿಸಬೇಕಾಗಿತ್ತು. ಆದರೆ ಅವರು ಯೋಚನೆ ಮಾಡುತ್ತ ಮಾಡುತ್ತ ನನ್ನ ಭಯೋತ್ಪಾದಕರನ್ನು ಒಬ್ಬೊಬ್ಬರಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಯುದ್ಧದಲ್ಲಿ ಇದು ನ್ಯಾಯವಲ್ಲ ಎಂದು ನಾನು ತಕರಾರು ತೆಗೆದೆ.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ರಣರಂಗದ ನಡುವೆ ಸೇನಾಪತಿ ಫೋನ್ ಎತ್ತುವುದುಂಟೇ? ಯಾರೆಂದು ಸಹ ನೋಡದೆ ಸದ್ದಡಗಿಸಿಬಿಟ್ಟೆ. ಕಸ್ತೂರಿಯ ಕೆಮ್ಮು ಎಷ್ಟು ಜೋರಾಯಿತೆಂದರೆ ಪಾಪ, ಮಹಾದೇವಕ್ಕ ಅವಳಿಗೆ ಶುಂಠಿ ಹಾಕಿ ಬಿಸಿನೀರು ಮಾಡಿಕೊಟ್ಟರು.

ತಾಸು ಎರಡಾಯಿತು, ಚಹಾ ಮೂರು ಸಲ ಬಂತು. ಊಟದ ಹೊತ್ತು ಮೀರಿತು. ಮನೆಗೆ ಬಂದವರನ್ನು ಹಸಿದು ಕೂಡಿಸಲಾರದೆ ಮಹಾದೇವಕ್ಕ ತಾಟು ಹಾಕಿಯೇಬಿಟ್ಟರು. "ನಮಗ ಹಸಿವಿಲ್ಲರೀ ಅಕ್ಕಾ," ಎಂದಳು ಕಸ್ತೂರಿ. ನಾನು, ಈರಣ್ಣನವರು ಇಬ್ಬರೂ ವಾದ ಮಾಡುತ್ತಲೇ ಎದ್ದು, ವಾದ ಮಾಡುತ್ತಲೇ ಕೈತೊಳೆದು, ವಾದ ಮಾಡುತ್ತಲೇ ತಾಟಿನ ಮುಂದೆ ಕೂತೆವು. ಎಲ್ಲಿ ಕೂತಿದ್ದೇನೆ ಎಂಬ ಪ್ರಜ್ಞೆ ನನಗಿರಲಿಲ್ಲ. ನಾನು ಇನ್ನೂ ಆ ದೂರದ ದೇಶದಲ್ಲೇ ಇದ್ದೆ.

"ನಿಮ್ಮ ದಂಡು ಅಲ್ಲಿ ಏನ್ ಉಣ್ತದ್ರಿ?" ಎಂದು ಕೇಳಿದರು ಈರಣ್ಣನವರು.

"ಅಲ್ಲಿ ಸಿಕ್ಕಿದ್ದೇ ಉಣ್ತದ! ಉಂಡು, ಬಾಂಬ್ ಇಟ್ಟವರ ಬೆನ್ನೆಲುಬು ಹಿಂಗ ಮುರೀಬೇಕ್ರಿ, ಹಿಂಗ!"

ಕೈಗೆ ಸಿಕ್ಕಿದ್ದು ಕಡಕ್ ರೊಟ್ಟಿ. ಕಟಕ್ ಎಂದಿತು.

ಎಲ್ಲರ ಕಣ್ಣೂ ನನ್ನ ಕೈಯ ಮೇಲೆ ನೆಟ್ಟವು. ಸಲೀಮ "ಗಯಾ, ಹೋಯ್ತು" ಎಂದು ಮೆಲ್ಲಗೆ ಉಸಿರುಬಿಟ್ಟ. ನನ್ನ ವಾದಕ್ಕೆ ಎಲ್ಲರೂ ತಲೆದೂಗಿದರೆಂದು ತಿಳಿದು, ನಾನು ಮುರಿದ ತುಂಡನ್ನು ಎಣ್ಣೆಗಾಯಿ ಬದನೆಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡೆ. ಬಹಳ ರುಚಿಯಾಗಿತ್ತು.

"ಯಕ್ಕಾ, ಬೀಗರು ರೊಟ್ಟಿ ಮುರದ್ರು!" ಎಂದು ಮಹಾದೇವಕ್ಕ ಕಸ್ತೂರಿಯ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿಬಂದಿತ್ತು. ಎಲ್ಲರ ಬಾಯಿ ಸಿಹಿ ಮಾಡಿಸಲು ಸಕ್ಕರೆ ತರಲೆಂದು ಒಳಗೆ ಓಡಿದರು.

ಆಗ ನನಗೆ ರೂಢಿ ನೆನಪಾಯಿತು. ಕಸ್ತೂರಿ ಕೆಮ್ಮುತ್ತಿರಲಿಲ್ಲ. ಅವಳು ಕೆಮ್ಮದಿದ್ದಾಗ ನನಗೆ ಹೆಚ್ಚು ಭಯ. ಅಂಗಳಕ್ಕೆ ಹೋಗಿ ಫೋನ್ ತೆಗೆದು ನೋಡಿದರೆ ಅಶ್ವಿನಿಯ ಕರೆಗಳೇ ತುಂಬಿದ್ದವು. ತಿರುಗಿ ಮಾಡಿದೆ.

"ಅಪ್ಪಾ, ಎಷ್ಟು ಸಲ ಮಾಡಬೇಕು? ಅವರಿಗೆ ಆಫೀಸ್ನಾಗ ಬಿಡಲಿಲ್ಲಂತ, ಸಂಜಿಗೆ ಬರ್ತಾರಂತ. ಇನ್ನ ಮಾತೇ ಆಗಿಲ್ಲ. ಅಲ್ಲಿ ಏನೂ ಹೇಳಿಲ್ಲಲ ನೀನು?"

"ಬಾಯಿಲೆ ಏನೂ ಹೇಳಿಲ್ಲವ್ವ. ಒಂದು ರೊಟ್ಟಿ..."

"ಮದುವಿ ನನ್ನದಪ್ಪಾ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಾತ್ರೆಯ ಗದ್ದಲದಲ್ಲಿ ಸಣ್ಣ ಮಗಳ ಕೈ ಬಿಟ್ಟೆನೇನೋ ಎನ್ನುವಷ್ಟು ಸಂಕಟವಾಯಿತು ನನಗೆ.

ಒಳಗೆ ಹೋದರೆ ಮಹಾದೇವಕ್ಕ ಸಕ್ಕರೆ ಬಟ್ಟಲು ಹಿಡಿದು ನಿಂತಿದ್ದರು. ಗಂಜಿನಲ್ಲಿ ಯಾವತ್ತೂ ಕೈಕೊಡದ ನಾಲಿಗೆ ಅವತ್ತು ಅಲುಗಲಿಲ್ಲ. ನನ್ನ ಸಿದ್ಧಾಂತದಲ್ಲಿ ಹಿಂದಿರುಗುವ ಅಧ್ಯಾಯವೇ ಇರಲಿಲ್ಲ!

ಈರಣ್ಣನವರು ನನ್ನ ಮುಖ, ಕೈಯಲ್ಲಿದ್ದ ಫೋನ್ ಎರಡನ್ನೂ ನೋಡಿದರು. "ಹುಡುಗಿ ಇನ್ನ ಹೂಂ ಅಂದಿಲ್ಲೇನ್ರಿ?"

"ಇಲ್ರಿ. ಅಕಿದು ಒಂದು ಮಾತು ಕೇಳೋದದ. ಕೆಲಸ ಬಿಡಂಗಿಲ್ಲ ಅಕಿ. ನಾನೇ ಬಾಯಿ ಬಡ್ಕೊಂಡು..."

"ರೊಟ್ಟಿ ಮುರದವರು ನೀವು. ಸಂಸಾರ ಮಾಡಾಕಿ ಅಕಿ. ಇದನ್ನ ನಾವು ಲೆಕ್ಕಕ್ಕ ಹಿಡಿಯಂಗಿಲ್ರಿ." ಹೆಂಡತಿಯ ಕಡೆ ತಿರುಗಿ, "ಸಕ್ಕರಿ ಒಳಗ ಇಡು. ಆ ಹುಡುಗಿ ಬಂದು ಮುರದಾಗ ತಗಿ," ಎಂದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ಮಾತು ಇನ್ನ ಮುಗದಿಲ್ಲ ಮತ್ತ. ನೀವು ಒಂದು ತಾಸಿಗಂತ ಬಂದು, ನಮ್ಮ ಮನಿ ರೊಟ್ಟಿ ಉಂಡು, ಮಧ್ಯಾಹ್ನ ದಾಟಿಸೀರಿ. ಈಗ ಹೇಳ್ರಿ, ಹೊರಗ ಹೋಗೋದು ಸರಳ ಅದ ಏನು?" ಎಂದರು.

ಆ ಮನುಷ್ಯನ ಮೇಲೆ ಅವತ್ತು ನನಗೆ ಹುಟ್ಟಿದ ಪ್ರೀತಿ ದೊಡ್ಡದು. ಈ ಮನೆ ನಮಗೆ ದಕ್ಕಲಿ ಎಂದು ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡೆ. ಬೇಡಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವೂ ಇರಲಿಲ್ಲ, ಕಾರಿನಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ.

ಸಂಜೆ ಸಂತೋಷ ಬಂದ, ಇಬ್ಬರೂ ಮಾತಾಡಿದರು. ಕೆಲಸ ಬಿಡುವ ಮಾತೇ ಇಲ್ಲ ಎಂದನಂತೆ. ಆದರೂ ಅಶ್ವಿನಿ ಅವಸರ ಮಾಡಲಿಲ್ಲ. ಇನ್ನೂ ಕೆಲವು ಸಲ ಭೇಟಿಯಾದಳು, ತನಗೆ ಕೇಳಬೇಕಾದದ್ದನ್ನೆಲ್ಲ ಕೇಳಿದಳು. ಒಂದು ಭಾನುವಾರ ತಾಯಿಯನ್ನು ಕರೆದುಕೊಂಡು ತಾನೇ ಕಮಲಾಪುರಕ್ಕೆ ಹೋಗಿ ರೊಟ್ಟಿ ಮುರಿದು ಬಂದಳು. ಅವತ್ತು ನನ್ನನ್ನು ಯಾರೂ ಕರೆಯಲಿಲ್ಲ. ಕಟ್ಟೆಯ ಮೇಲೆ ಸಲೀಮನ ಜೊತೆ ಕೂತಿದ್ದೆ, ಯಾವ ದೇಶಕ್ಕೂ ಸೈನ್ಯ ಕಳಿಸದೆ.

ನಿಶ್ಚಯದ ದಿನ ಮಾತ್ರ ನನ್ನನ್ನು ಬಿಟ್ಟು ಹೋಗುವಂತಿರಲಿಲ್ಲ. ಈರಣ್ಣನವರು ಪಂಕ್ತಿಯಲ್ಲಿ ಪಕ್ಕದಲ್ಲೇ ಜಾಗ ಹಿಡಿದಿದ್ದರು. ಅವರ ತಾಟಿಗೆ ಕಡಕ್ ರೊಟ್ಟಿ ಬಿತ್ತು, ಸಲೀಮನ ತಾಟಿಗೆ ಬಿತ್ತು. ನನ್ನ ಮುಂದೆ ಬಂದಾಗ ಮಹಾದೇವಕ್ಕ ರೊಟ್ಟಿಯ ಬುಟ್ಟಿ ಹಿಂದಕ್ಕೆ ಸರಿಸಿ, ಒಂದು ಸೌಟು ಮೆತ್ತಗಿನ ಅನ್ನ ಬಡಿಸಿದರು.

"ಬೀಗರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮುರಿಯೋಂಥಾದ್ದು ಏನೂ ಅಪ್ಪನ ಕೈಯಾಗ ಕೊಡಬ್ಯಾಡ್ರಿ ಅಂತ ನಿಮ್ಮ ಮಗಳು ಹೇಳ್ಯಾಳ."

ಎದುರು ಸಾಲಿನಲ್ಲಿ ಅಶ್ವಿನಿ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನಾನು ಅನ್ನಕ್ಕೆ ಸಾರು ಹಾಕಿಸಿಕೊಂಡು ಕಲಸತೊಡಗಿದೆ.