ಮಹಡಿಯ ಮೇಲಿನ ಮರುಭೂಮಿ

ಭೂಗೋಳದ ಮೇಷ್ಟ್ರು ಬೋರ್ಡಿನ ಮೇಲೆ ಬಹಳ ಆಸ್ಥೆಯಿಂದ ಬರೆದ ಅರ್ಧಚಂದ್ರಾಕಾರದ ಮರಳುದಿಬ್ಬವನ್ನು ಇಡೀ ತರಗತಿ ಒಕ್ಕೊರಲಿನಿಂದ ಬಾಳೆಹಣ್ಣು ಎಂದಿತು. ಫಜೀತಿ ಶುರುವಾದದ್ದು ಅಲ್ಲಿಂದ.

ಮಕ್ಕಳ ತಪ್ಪೇನಿಲ್ಲ. ಮೆಟ್ಟಿಲ ಕೆಳಗಿನ ಆ ಕೋಣೆಯಲ್ಲಿ ಭೂಪಟ ಬಿಚ್ಚಿದರೆ ಉತ್ತರ ಧ್ರುವ ಚಾವಣಿಗೆ ಬಡಿಯುತ್ತಿತ್ತು, ದಕ್ಷಿಣ ಧ್ರುವ ಮುಂದಿನ ಬೆಂಚಿನವರ ಕಾಲಡಿ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ಒಂದು ಕಿಟಕಿಯೂ ಇರಲಿಲ್ಲ. ಆದರೂ ಮೇಷ್ಟ್ರು ಮೋಡಗಳ ಪಾಠ ಮಾಡಿದರೆ ಮಕ್ಕಳು ಕೊಡೆ ತಂದಿದ್ದೇವಾ ಎಂದು ಚೀಲ ತಡಕುತ್ತಿದ್ದರು. ಅಂಥ ಮನುಷ್ಯನನ್ನು ಮೆಚ್ಚದೆ ಇರುವುದು ನನ್ನಿಂದಾಗದು.

ಮಹಡಿಯ ಮೇಲೆ ಸುತ್ತ ಕಿಟಕಿಗಳಿದ್ದ ದೊಡ್ಡ ಕೋಣೆ ಖಾಲಿ ಬಿದ್ದಿತ್ತು. ಅದನ್ನು ಭೂಗೋಳಕ್ಕೆ ಕೊಡಿ ಎಂದು ಮೇಷ್ಟ್ರು ಹೆಡ್‌ಮೇಡಂ ಬೆನ್ನು ಬಿದ್ದಿದ್ದರು.

"ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರೆ. ಅವ್ರು ಒಪ್ಪಿದ್ರೆ ಕೋಣೆ ನಿಮ್ದೇ, ಆಯ್ತಾ?" ಎಂದರು ಮೇಡಂ.

ಒಪ್ಪಿಸಿಯೇ ಬಿಡುತ್ತೇನೆಂದು ಮೇಷ್ಟ್ರು ಲಾಂಗ್ ಜಂಪ್ ಗುಂಡಿಯ ಮರಳನ್ನು ಬಕೆಟ್ಟಿನಲ್ಲಿ ಹೊತ್ತು ಮಹಡಿ ಹತ್ತಿದರು. ಡ್ರಿಲ್ ಮಾಸ್ಟರು ಬೆನ್ನಿಗೇ ಬಂದರು.

"ಏನ್ರೀ ಇದು ಮೇಷ್ಟ್ರೇ! ಮಕ್ಕಳು ಹಾರಿ ಎಲ್ಲಿ ಬೀಳ್ಬೇಕು?"

"ಒಂದಿನ ಹಾರದಿದ್ರೆ ಏನೂ ಆಗಲ್ಲ ಬಿಡಿ."

ಮೇಷ್ಟ್ರು ಮಂಡಿಯೂರಿ ದಿಬ್ಬ ಕಟ್ಟಿದರು. ಗಾಳಿ ಬರುವ ಕಡೆ ನಿಧಾನದ ಇಳಿಜಾರು, ಆಚೆ ಕಡಿದಾದದ್ದು, ಅರ್ಧಚಂದ್ರದ ತುದಿಯ ಕೊಂಬುಗಳೆರಡೂ ಗಾಳಿ ಹೋಗುವ ದಿಕ್ಕಿಗೆ. ನೋಡಿದರೆ ಒಂಟೆಗೂ ನಿಜವೆನಿಸಬೇಕು, ಅಷ್ಟು ಚೆನ್ನಾಗಿತ್ತು. ಗಾಳಿಯ ಪಾತ್ರಕ್ಕೆ ಟೇಬಲ್ ಫ್ಯಾನ್ ತರಲು ಅವರು ಆಫೀಸಿಗೆ ಹೋದರು.

ವಾಪಸು ಬರುವಷ್ಟರಲ್ಲಿ ಕೊಂಬುಗಳು ಹಿಂದುಮುಂದಾಗಿದ್ದವು. ಪಕ್ಕದಲ್ಲಿ ಡ್ರಾಯಿಂಗ್ ಮೇಷ್ಟ್ರು ಕೈ ಒರೆಸಿಕೊಳ್ಳುತ್ತಿದ್ದರು. "ಗಾಳಿಗೆ ಎದುರಾಗಿ ತಿರುಗಿಸ್ದೆ. ಈಗ ನೋಡಿ, ಎಂಥ ಗಾಂಭೀರ್ಯ!"

ಡ್ರಿಲ್ ಮಾಸ್ಟರ ಕೈಯಲ್ಲಿ ನೀರಿನ ಡಬ್ಬಿ. "ಧೂಳು ಏಳ್ಬಾರ್ದು ಅಂತ ನೀರು ಹಾಕ್ದೆ. ಮೈದಾನಕ್ಕೂ ಹಾಗೇ ಮಾಡೋದು."

"ಮರುಭೂಮಿಗೆ ನೀರು ಹಾಕಿದ್ರಾ!"

"ಪರವಾಗಿಲ್ಲ ಬಿಡಿ, ಸ್ನೇಹಿತರಿಗೆ ಇಷ್ಟೂ ಮಾಡದಿದ್ರೆ ಹೇಗೆ?"

ಮೆಟ್ಟಿಲ ಮೇಲೆ ಸಾಹೇಬರ ಬೂಟಿನ ಸದ್ದು ಕೇಳಿತು. ಒಂದು ಬಕೆಟ್ಟಿನಲ್ಲಿ ಒಣ ಮರಳು ಉಳಿದಿತ್ತು. ಮೇಷ್ಟ್ರು ಅದನ್ನೇ ಫ್ಯಾನಿನ ಮುಂದೆ ಗುಡ್ಡೆಯಾಗಿ ಸುರಿದರು. ಬೆವರುತ್ತಾ ಒಳಬಂದ ಸಾಹೇಬರನ್ನು ಕಂಡು ಮೇಡಂ, "ಅಯ್ಯೋ, ಸೆಕೆ!" ಎಂದು ಫ್ಯಾನನ್ನು ಜೋರಾಗಿ ಹಾಕಿಯೇ ಬಿಟ್ಟರು.

ಮರಳು ಎದ್ದು ಸಾಹೇಬರ ಮೀಸೆ, ಕನ್ನಡಕ, ಜೇಬು ಎಲ್ಲವನ್ನೂ ಹೊಕ್ಕಿತು. ಕೋಣೆಯ ಆಸೆ ಮುಗಿಯಿತೆಂದು ಮೇಷ್ಟ್ರು ಕಣ್ಣು ಮುಚ್ಚಿದರು.

"ಕಣ್ಣು ಬಿಡ್ರೀ! ಗುಡ್ಡೆ ನಡೀತಾ ಇದೆ!" ಎಂದು ಸಾಹೇಬರು ಕೂಗಿದರು.

ನಿಜವಾಗಿ ನಡೆಯುತ್ತಿತ್ತು. ಮರಳಿನ ಕಣಗಳು ಈಚೆ ಕಡೆಯಿಂದ ಮೇಲಕ್ಕೆ ಹತ್ತಿ ಆಚೆ ಜಾರುತ್ತಿದ್ದವು. ಯಾರೂ ತಿದ್ದದೆ ಎರಡು ಕೊಂಬುಗಳು ತಾವಾಗಿಯೇ ಮುಂದೆ ಚಾಚಿಕೊಂಡವು.

"ಅಂಚಿನಲ್ಲಿ ಮರಳು ಕಮ್ಮಿ ಸಾರ್. ಅದಕ್ಕೆ ಗಾಳಿ ಅದನ್ನ ಬೇಗ ತಳ್ಕೊಂಡು ಹೋಗುತ್ತೆ, ನಡುಭಾಗ ಹಿಂದೆ ಉಳಿಯುತ್ತೆ," ಎಂದರು ಮೇಷ್ಟ್ರು. ಅಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಅವರೂ ಕಣ್ಣಾರೆ ಕಂಡದ್ದು ಆಗಲೇ.

ಸಾಹೇಬರು ಮಂಡಿಯೂರಿ ಕೂತರು. ಎದ್ದಾಗ ಕಣ್ಣು ಒದ್ದೆಯಾಗಿತ್ತು. ಮರಳಿನಿಂದ ಮಾತ್ರ ಎಂದು ಹೇಳಲಾರೆ.

"ಮೇಡಂ, ಈ ಕೋಣೆ ಇವತ್ತಿನಿಂದ ಭೂಗೋಳಕ್ಕೆ!"

ಮೇಷ್ಟ್ರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸುದ್ದಿ ಕೇಳಿದ ಮಕ್ಕಳು ಚೀಲ ಹೊತ್ತು ಧಡಧಡ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದರು.

"ಏ, ಅಲ್ಲೇ ನಿಲ್ಲಿ!" ಸಾಹೇಬರು ಕೈ ಅಡ್ಡ ಹಿಡಿದರು. "ಇಂಥ ಅಪರೂಪದ ಮರುಭೂಮೀಲಿ ಒಂದು ಹೆಜ್ಜೆ ಗುರುತೂ ಬೀಳ್ಬಾರ್ದು. ಫ್ಯಾನ್ ನಿಲ್ಸಿ, ಕಿಟಕಿ ಮುಚ್ಚಿ, ಬೀಗ ಹಾಕ್ಸಿ. ಬೇರೆ ಶಾಲೆಯವರು ಬಂದು ಬಾಗಿಲಲ್ಲೇ ನಿಂತು ನೋಡ್ಕೊಂಡು ಹೋಗ್ಲಿ."

"ಮತ್ತೆ ನನ್ನ ಪಾಠ, ಸಾರ್?"

"ಕೆಳಗಿದೆಯಂತಲ್ಲ ನಿಮ್ಮ ಕೋಣೆ, ಅಲ್ಲೇ ಮಾಡಿ," ಎಂದು ಸಾಹೇಬರು ಮೇಡಂ ತಂದ ಬೀಗದ ಕೈಯನ್ನು ಅಭಿಮಾನದಿಂದ ಮೇಷ್ಟ್ರ ಅಂಗೈಯಲ್ಲಿಟ್ಟರು. "ಇದು ನಿಮ್ಮ ಹತ್ರಾನೇ ಇರ್ಲಿ. ಯಾರನ್ನೂ ಒಳಗೆ ಬಿಡ್ಬೇಡಿ."